ಕಾವೇರಿ ತೀರದಲ್ಲೂ ಮಲೆಯ ಬಿರುದು ಬಿಡದ ಸೋಮೇಶ್ವರ

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನ ಆಸುಪಾಸಿನಲ್ಲಿ, ಕಾಫಿ ತೋಟಗಳ ನಡುವಿರುವ ಅಂಗಡಿ ಗ್ರಾಮವೇ ಹಿಂದಿನ ಸೊಸೆವೂರು, ಹೊಯ್ಸಳರ ಮೂಲನೆಲೆ. ಇಲ್ಲಿನ ವಾಸಂತಿಕಾದೇವಿ ಆ ವಂಶದ ಕುಲದೇವತೆ. ಊರವರಿಗೆ ಆಕೆ ವಸಂತಮ್ಮ. ಈ ಮಲೆಯಿಂದ ಬೇಲೂರಿಗೆ, ಮುಂದೆ ದೋರಸಮುದ್ರಕ್ಕೆ ಇಳಿದ ಮನೆತನದಲ್ಲಿ ತವರಿನಿಂದ ಬಲುದೂರ ಹೋಗಿ ನೆಲೆಸಿದವನು ವೀರ ಸೋಮೇಶ್ವರ.

ಅವನ ತಂದೆ ಇಮ್ಮಡಿ ನರಸಿಂಹ. ಸೆರೆ ಸಿಕ್ಕಿದ್ದ ಚೋಳ ಅರಸ ಮುಮ್ಮಡಿ ರಾಜರಾಜನನ್ನು 1231ರಲ್ಲಿ ನರಸಿಂಹನ ಸೇನೆ ಬಿಡಿಸಿತು. ತಮಿಳು ನೆಲದಲ್ಲಿ ಹೊಯ್ಸಳರು ಬೇರೂರಲು ದಾರಿಯಾದದ್ದು ಹೀಗೆ. 1235ರ ಸುಮಾರಿಗೆ ಪಟ್ಟವೇರಿದ ಸೋಮೇಶ್ವರ, ಶ್ರೀರಂಗದ ಉತ್ತರಕ್ಕಿರುವ ಕಣ್ಣನೂರನ್ನು ರಾಜಧಾನಿ ಮಾಡಿಕೊಂಡು ಅದನ್ನು ವಿಕ್ರಮಪುರವೆಂದು ಕರೆದನು. ದಂಡನಾಯಕರು, ಅಧಿಕಾರಿಗಳು ಜೊತೆಗೆ ಬಂದರು. ಚೋಳ, ಪಾಂಡ್ಯರಿಬ್ಬರಿಗೂ ಅವನು ಮಾಮಡಿ, ಅಂದರೆ ಮಾವನಾದನು.

ಪರನಾಡಿನಲ್ಲಿ ಅವನು ತನ್ನವರನ್ನು ನೆನೆದ ರೀತಿ ಗಮನಾರ್ಹ. ಕಣ್ಣನೂರಿನ ಶಿವಾಲಯಕ್ಕೆ ವಂಶದ ಹೆಸರನ್ನೇ ಇಟ್ಟು ಪೊಯ್ಸಳೇಶ್ವರವೆಂದನು. ಜಂಬುಕೇಶ್ವರದಲ್ಲಿ ಅಜ್ಜ ಇಮ್ಮಡಿ ಬಲ್ಲಾಳ, ಅಜ್ಜಿ ಪದ್ಮಲದೇವಿ, ತಂದೆ ನರಸಿಂಹರ ಹೆಸರಿನ ಗುಡಿಗಳಿಗೆ ಭೂಮಿ ಬಿಟ್ಟನು. ಬಯಲುಸೀಮೆಯ ಭತ್ತದ ಗದ್ದೆಗಳ ನಡುವೆ ಕುಳಿತ ದೊರೆ, ಮಲೆಯ ನಾಯಕರಲ್ಲಿ ವೀರನೆಂದು ಸಾರುವ 'ಮಲೆಪರೊಳ್ಗಂಡ' ಬಿರುದನ್ನು ಬಿಡಲಿಲ್ಲ. ಹೊಯ್ಸಳ ಶಾಸನಗಳ ಕೊನೆಯಲ್ಲಿ ಸಹಿಯಂತೆ ಕಾಣುವ ಪದವಿದು. ಇದೇ ವಂಶ ತಾನು ದ್ವಾರಾವತಿಯ ಯಾದವ ಕುಲದ್ದೆಂದೂ ಹೇಳಿಕೊಂಡಿತ್ತೆನ್ನಿ! ಆದರೆ ಆ ತವರು ಪ್ರಶಸ್ತಿಗಳಲ್ಲಿ ಕಟ್ಟಿಕೊಂಡದ್ದು, ಮಲೆಯದು ಹುಟ್ಟಿ ಬೆಳೆದದ್ದು.

ಪೊಯ್ಸಳೇಶ್ವರ ಎಂಬ ಹೆಸರು ಜನರ ಬಾಯಲ್ಲಿ ಸವೆದು ಇಂದು ಭೋಜೇಶ್ವರವಾಗಿದೆ. ತಿರುಚಿರಾಪಳ್ಳಿ ಬಳಿಯ ಸಮಯಪುರಕ್ಕೆ ಹೋಗುವ ಕನ್ನಡಿಗರು ಅದನ್ನು ಗುರುತಿಸುವುದೇ ಕಷ್ಟ.

ಹೆಸರುಗಳಲ್ಲಿ ತವರನ್ನು ಉಳಿಸಿಕೊಂಡವನು ರಾಜ್ಯವನ್ನು ಒಂದಾಗಿ ಉಳಿಸಲಿಲ್ಲ. 1254ರ ಹೊತ್ತಿಗೆ ದೋರಸಮುದ್ರ ಬಿಜ್ಜಲರಾಣಿಯ ಮಗ ಮುಮ್ಮಡಿ ನರಸಿಂಹನಿಗೆ, ಕಣ್ಣನೂರು ದೇವಲದೇವಿಯ ಮಗ ರಾಮನಾಥನಿಗೆ ಹಂಚಿಹೋಯಿತು. ದಕ್ಷಿಣದ ಮೋಹಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1262ರ ಸುಮಾರಿಗೆ ಜಟಾವರ್ಮ ಸುಂದರ ಪಾಂಡ್ಯನೊಡನೆ ಕಾದಿ ಸೋಮೇಶ್ವರ ಮಡಿದನು. ಬಳಿಕ ಅಣ್ಣತಮ್ಮಂದಿರು ಪರಸ್ಪರ ಕತ್ತಿ ಎತ್ತಿದರು. ಪಾಂಡ್ಯರ ಒತ್ತಡಕ್ಕೆ ರಾಮನಾಥ ಕಣ್ಣನೂರು ತೊರೆದು ಕುಂದಾಣಿಗೆ ಬಂದನು. ಎರಡು ಭಾಗಗಳು ಮತ್ತೆ ಒಂದಾದದ್ದು ಮೊಮ್ಮಗ ಮುಮ್ಮಡಿ ಬಲ್ಲಾಳನ ಕಾಲದಲ್ಲಿ.