ನರಗುಂದದ ಬಾಬಾಸಾಹೇಬರು

ರೋಣ, ಗಜೇಂದ್ರಗಡಗಳ ನೆರೆಯ ನರಗುಂದದ ಕೋಟೆಯನ್ನು ಕಂಡಾಗಲೆಲ್ಲ ಅದರ ಕಡೆಯ ಸಂಸ್ಥಾನಿಕರು ನಮಗೆ ನೆನಪಾಗುತ್ತಾರೆ. ಬಾಬಾಸಾಹೇಬರೆಂದು ಪ್ರಖ್ಯಾತರಾದ ಭಾಸ್ಕರರಾವ್ ಭಾವೆಯವರು ವಿದ್ಯಾಭಿಮಾನಿಗಳು. ಅವರ ಭಾಂಡಾರದಲ್ಲಿ ಸಾವಿರಾರು ಸಂಸ್ಕೃತ ಗ್ರಂಥಗಳಿದ್ದವು. ಗಂಡುಸಂತಾನವಿಲ್ಲದ ಅವರು ದತ್ತಕಕ್ಕೆ ಅನುಮತಿ ಬೇಡಲು, ಕಂಪನಿ ಸರಕಾರವು ನಿರಾಕರಿಸಿತು. ಸಂಸ್ಥಾನವು ತಮ್ಮೊಡನೆಯೇ ಅಳಿಯುವುದೆಂಬ ವ್ಯಥೆಗೆ ನಿಶ್ಶಸ್ತ್ರೀಕರಣದ ಅಪಮಾನವೂ ಕೂಡಿತು.

1858ನೆಯ ಇಸವಿ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟನಾದ ಮ್ಯಾನ್‌ಸನ್ನನು ಇವರ ಕಡೆಯವರಿಂದ ಹತನಾದನು. ಅವನ ರುಂಡವು ನರಗುಂದದ ಅಗಸೆಗೆ ಏರಿತು. ಈ ಕ್ರೌರ್ಯವನ್ನು ನಾವು ಮರೆಮಾಚಲೊಲ್ಲೆವು. ಆದರೆ ಅದಕ್ಕೆ ಕಾರಣವಾದ ಅನ್ಯಾಯವನ್ನೂ ಮರೆಯಲೊಲ್ಲೆವು. ಜೂನ್ ತಿಂಗಳಾರಂಭದಲ್ಲಿಯೇ ಕೋಟೆಯು ಬಿದ್ದಿತು. ಪಂಢರಪುರದ ಯಾತ್ರಿಕರ ವೇಷದಲ್ಲಿ ಹೊರಟ ಬಾಬಾಸಾಹೇಬರು ತೊರಗಲ್ಲ ಅಡವಿಯಲ್ಲಿ ಪೊಲೀಸ್ ಅಧಿಕಾರಿ ಸೌಟರನ ಕೈಗೆ ಸಿಕ್ಕರು. ಅವರ ತಾಯಿಯೂ ಪತ್ನಿಯೂ ಮಲಪ್ರಭೆಯಲ್ಲಿ ಪ್ರಾಣಬಿಟ್ಟರು. ಸೆರೆಯೂ ವಿಚಾರಣೆಯೂ ಕೆಲವೇ ದಿವಸಗಳಲ್ಲಿ ಮುಗಿದವು. ಜೂನ್ 12ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ಉತ್ತರಾಧಿಕಾರಿಯನ್ನು ಪಡೆಯುವ ಹಕ್ಕನ್ನು ಕಂಪನಿಯು ಅವರಿಂದ ಕಸಿದುಕೊಂಡಿತು. ಆದರೆ ಅವರ ಹೆಸರನ್ನು ಉಳಿಸಿಕೊಂಡು ಬಂದ ನಾಡಿನ ಜನರೇ ಅವರಿಗೆ ದತ್ತಕರಾದರೆಂದು ನಾವು ಭಾವಿಸುತ್ತೇವೆ.