ಪಂಡಿತಾ ರಮಾಬಾಯಿಯವರ ತೆರೆದ ಬಾಗಿಲು

ಪಂಡಿತಾ ರಮಾಬಾಯಿಯವರ ಹೆಸರನ್ನು ನಮ್ಮ ಸಭೆಗಳಲ್ಲಿ ಕೇಳದವರು ವಿರಳ. ಆದರೆ ಅವರು ನಮ್ಮ ಕನ್ನಡ ನಾಡಿನ ಘಟ್ಟದಲ್ಲಿ, ಗಂಗಾಮೂಲವೆಂಬ ಅರಣ್ಯಸ್ಥಳದಲ್ಲಿ ಹುಟ್ಟಿದವರೆಂಬದನ್ನು ಬಲ್ಲವರು ಹೆಚ್ಚಿಲ್ಲ. 1858ನೆಯ ಇಸವಿ ಎಪ್ರಿಲ್ ತಿಂಗಳಲ್ಲಿ ಅವರ ಜನನವಾಯಿತು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ತಮ್ಮ ಪತ್ನಿಗೆ ಸಂಸ್ಕೃತವನ್ನು ಕಲಿಸಿದ ಕಾರಣ ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಉತ್ತರ ಹೇಳಬೇಕಾಯಿತು. ಅವರು ಶಾಸ್ತ್ರಗಳಿಂದಲೇ ಆಧಾರಗಳನ್ನು ತೆಗೆದು ತೋರಿಸಿದರು. ಸತ್ಯವೆಂದು ಕಂಡದ್ದನ್ನು ಸಭೆಗೆ ಅಂಜಿ ಬಿಡದಿರುವ ಗುಣವು ಮಗಳಿಗೆ ತಂದೆಯಿಂದಲೇ ಬಂತೆನ್ನಬೇಕು.

ಆ ಕುಟುಂಬವು ಪುರಾಣ ಹೇಳುತ್ತಾ ಕ್ಷೇತ್ರದಿಂದ ಕ್ಷೇತ್ರಕ್ಕೆ ಸಂಚರಿಸಿತು. ಬರಗಾಲದಲ್ಲಿ ತಂದೆತಾಯಿಗಳು ಹಸಿವಿನಿಂದ ಕುಗ್ಗಿ ತೀರಿಹೋದರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ರಮಾಬಾಯಿಯವರ ಪಾಂಡಿತ್ಯವನ್ನು ಮೆಚ್ಚಿ ಪಂಡಿತಾ ಎಂಬ ಬಿರುದನ್ನು ಕೊಟ್ಟರು. 1880ರಲ್ಲಿ ಬಂಗಾಳದ ವಕೀಲರೊಬ್ಬರನ್ನು ಮದುವೆಯಾಗಿ, ಎರಡು ವರ್ಷ ತುಂಬುವದರೊಳಗೆ, ಮನೋರಮೆಯೆಂಬ ಹಸುಗೂಸನ್ನು ಎತ್ತಿಕೊಂಡು ವಿಧವೆಯಾದರು.

1883ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಅಲ್ಲಿ ದಾರಿತಪ್ಪಿದ ಸ್ತ್ರೀಯರನ್ನು ವಾಂಟೇಜಿನ ಸಹೋದರಿಯರು ಪ್ರೀತಿಯಿಂದ ಸೇರಿಸಿಕೊಂಡು ಆರೈಕೆಮಾಡುವದನ್ನು ಕಂಡು ಬೆರಗಾದರು. ಇಂಥವರಿಗೆ ಕರುಣೆ ತೋರಿಸಲು ಕಾರಣವೇನೆಂದು ವಿಚಾರಿಸಲಾಗಿ, ಯೋಹಾನನ ಸುವಾರ್ತೆಯಲ್ಲಿರುವ ಸಮಾರ್ಯದ ಸ್ತ್ರೀಯ ಕಥೆಯು ಅವರ ಮುಂದೆ ಇಡಲ್ಪಟ್ಟಿತು. ಆ ಬಾವಿಯ ಬಳಿಯಲ್ಲಿ ಕರ್ತನು ಆಕೆಯ ಜೀವಿತದ ನಿಜವನ್ನು ಮರೆಮಾಚಲಿಲ್ಲ, ಆಕೆಯನ್ನು ತಳ್ಳಿಬಿಡಲೂ ಇಲ್ಲ. ಅದೇ ವರ್ಷ ಸೆಪ್ಟೆಂಬರ್ 29ರಂದು ಅವರು ದೀಕ್ಷಾಸ್ನಾನ ಹೊಂದಿದರು. ಆದರೂ ಬಿಳಿಯ ಸೀರೆಯನ್ನೂ ಸಸ್ಯಾಹಾರವನ್ನೂ ಬಿಡಲಿಲ್ಲ. ತಮ್ಮ ಬುದ್ಧಿಗೆ ತಿಳಿಯದ ಉಪದೇಶವನ್ನು ತಿಳಿಯಿತೆಂದು ಸುಳ್ಳಾಡಲಿಲ್ಲ. ಪುರುಷರಿಗೆ ಆಕೆ ಪಾಠ ಹೇಳಬಾರದೆಂದು ಬಿಷಪರು ತಡೆದಾಗ, ನಮ್ಮ ತಂದೆಯೇ ನಿಷೇಧಿಸದ್ದನ್ನು ನೀವು ನಿಷೇಧಿಸುವದೇಕೆಂಬ ಭಾವದಿಂದ ವಾದಿಸಿದರು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗೋಸ್ಕರ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. ಅಮೇರಿಕದ ದಾನಿಗಳ ಹಣದಿಂದ ನಡೆದ ಈ ಶಾಲೆಯಲ್ಲಿ ಯಾವ ಮತವನ್ನೂ ಬೋಧಿಸಬಾರದೆಂದು ಒಪ್ಪಂದವಿತ್ತು. ಹುಡುಗಿಯರು ತಮ್ಮ ಜಾತಿಯ ಆಚಾರಗಳನ್ನು ನಡಿಸಿಕೊಳ್ಳಲು ಪೂರ್ಣ ಸ್ವಾತಂತ್ರ್ಯವಿತ್ತು. ಆದರೆ ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಸತ್ಯವೇದವನ್ನೋದಿ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಯಾರನ್ನೂ ಕರೆಯಲಿಲ್ಲ, ಬಂದವರನ್ನು ಹೊರಗೆ ಹಾಕಲೂ ಇಲ್ಲ. ಕೆಲವರು ಬಂದು ಕುಳಿತರು.

ಇದರಿಂದ ಪುಣೆಯಲ್ಲಿ ದೊಡ್ಡ ಗದ್ದಲವೆದ್ದಿತು. ತಿಲಕರ ಕೇಸರಿ ಪತ್ರಿಕೆಯು ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಾಂಡಾರಕರ ಮೊದಲಾದ ಸಲಹೆಗಾರರು ಸದನದ ಸಂಬಂಧವನ್ನು ಬಿಟ್ಟರು. ತಂದೆತಾಯಿಗಳು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಹಿಂದಕ್ಕೆ ಕರಕೊಂಡು ಹೋದರು. ಇಲ್ಲಿ ನಾವು ನ್ಯಾಯವಾಗಿ ಯೋಚಿಸಬೇಕು. ರಾನಡೆಯವರು ವಿಧವೆಯರ ವೈರಿಗಳಲ್ಲ. ಸದನದ ಮೇಲಿನ ನಂಬಿಕೆ ಹೋದರೆ ಯಾವ ಮನೆಯವರೂ ಮಗಳನ್ನು ಓದಿಗೆ ಕಳುಹಿಸಲಾರರೆಂಬ ಅವರ ಭಯವೂ ಕನಿಕರದಿಂದಲೇ ಹುಟ್ಟಿತ್ತು. ಬಾಗಿಲನ್ನು ಮುಚ್ಚಿದ್ದರೆ ಆ ಹುಡುಗಿಯರು ಶಾಲೆಯಲ್ಲಿ ಉಳಿಯುತ್ತಿದ್ದರೇನೋ. ಮನೆಗೆ ಹೋದವರಿಗೆ ವಿಧವೆಯ ಆ ಹಳೆಯ ಬಾಳೇ ಕಾದಿತ್ತು. ಇದು ಹಗುರವಾದ ನಷ್ಟವಲ್ಲ. ಆದರೂ ತಮ್ಮ ನಂಬಿಕೆಯನ್ನು ಕಳ್ಳಮಾಲಿನಂತೆ ಬಚ್ಚಿಟ್ಟುಕೊಂಡು ಮಕ್ಕಳ ತಾಯಿಯಾಗಿರುವದು ರಮಾಬಾಯಿಯವರಿಗೆ ಸಾಧ್ಯವಿರಲಿಲ್ಲ. ಅವರು ಬಲಾತ್ಕರಿಸಲಿಲ್ಲವೆಂಬದಕ್ಕೆ ಒಂದು ಸಾಕ್ಷಿ ಸಾಕು: ಸದನಕ್ಕೆ ಮೊದಮೊದಲು ಸೇರಿದ ವಿಧವೆಯಾದ ಗೋದೂಬಾಯಿಯು ಹಿಂದುವಾಗಿಯೇ ಉಳಿದು, ಅದೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದಳು.

1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಘೋರ ಕ್ಷಾಮವು ಬಿದ್ದಿತು. ಹಸಿವಿನ ರುಚಿಯನ್ನು ಬಲ್ಲ ರಮಾಬಾಯಿಯವರು ತಾವೇ ಹೋಗಿ ಸುಮಾರು 300 ಹುಡುಗಿಯರನ್ನು ರಕ್ಷಿಸಿ ತಂದರು. ಕೇಡಗಾಂವದ ಹೊಲದಲ್ಲಿ ಮುಕ್ತಿಯೆಂಬ ಆಶ್ರಮವು ಹೀಗೆ ಬೆಳೆಯಿತು. 1897ರಲ್ಲಿ ಪುಣೆಯ ಪ್ಲೇಗಿನ ಕಾಲದಲ್ಲಿ ಸರಕಾರದ ಆಸ್ಪತ್ರೆಯಲ್ಲಿ ಹೆಂಗಸರಿಗೆ ರಕ್ಷಣೆಯಿಲ್ಲವೆಂದು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಮುಂಬಯಿ ಗವರ್ನರನು ಅದನ್ನು ಅಲ್ಲಗಳೆದನು. ಕ್ರೈಸ್ತ ಸರಕಾರವೆಂದು ಅವರು ಬಾಯಿ ಮುಚ್ಚಿಕೊಳ್ಳಲಿಲ್ಲವೆಂಬದು ಗಮನಿಸತಕ್ಕದ್ದು.

ಕಡೆಯ ವರ್ಷಗಳನ್ನು ಸತ್ಯವೇದದ ಮರಾಠಿ ಭಾಷಾಂತರಕ್ಕೆ ಮೀಸಲಿಟ್ಟರು. ಓದು ಕಡಿಮೆಯಾದ ಹಳ್ಳಿಯ ಹೆಂಗಸರಿಗೂ ತಿಳಿಯಬೇಕೆಂದು, ಬಿರುದು ಪಡೆದ ಆ ಪಂಡಿತೆಯು ಪಾಂಡಿತ್ಯದ ಮಾತುಗಳನ್ನೆಲ್ಲಾ ಬದಿಗಿಟ್ಟು, ಇಬ್ರಿಯ ಗ್ರೀಕ್ ಮೂಲಗಳನ್ನು ಕಲಿತು, ಸರಳವಾದ ನುಡಿಯನ್ನೇ ಆರಿಸಿಕೊಂಡರು. ಮುಕ್ತಿಯ ಹೆಂಗಸರೇ ಅದರ ಅಚ್ಚಿನ ಕೆಲಸವನ್ನು ಮಾಡಿದರು. 1921ರಲ್ಲಿ ಮನೋರಮೆಯು ತೀರಿಕೊಂಡಳು. ತಾಯಿಯು ದುಃಖದಲ್ಲಿಯೂ ಕರಡುಗಳನ್ನು ತಿದ್ದುತ್ತಾ ಕುಳಿತರು. ಆ ಕೆಲಸ ಮುಗಿದ ಬಳಿಕ 1922ರ ಎಪ್ರಿಲ್ 5ರಂದು ಕೇಡಗಾಂವದಲ್ಲಿ ನಿದ್ರೆಹೋದರು.