ಹುಲಿಯನ್ನು ಕೊಂದು ಹುಲಿಯ ಪರ ನಿಂತ ಜಿಮ್ ಕಾರ್ಬೆಟ್

ಜಿಮ್ ಕಾರ್ಬೆಟ್ ಎಂದೊಡನೆ ನರಭಕ್ಷಕಗಳನ್ನು ಹೊಡೆದ ಸಾಹಸಿ ಎಂಬ ಚಿತ್ರವೇ ಕನ್ನಡಿಗರ ಕಣ್ಣ ಮುಂದೆ ಬರುತ್ತದೆ. ಪೂರ್ಣಚಂದ್ರ ತೇಜಸ್ವಿಯವರು ರುದ್ರಪ್ರಯಾಗದ ಚಿರತೆಯ ಕಥೆಯನ್ನು ಕನ್ನಡಕ್ಕೆ ತಂದ ಮೇಲಂತೂ ಈ ಹೆಸರು ಶಾಲೆಯ ಮಕ್ಕಳಿಗೂ ಪರಿಚಿತವಾಯಿತು. ಆದರೆ ಅದೇ ಮನುಷ್ಯ ಸರಕು ಸಾಗಣೆಯ ಗುತ್ತಿಗೆದಾರನಾಗಿದ್ದ, ಒಂದು ಹಳ್ಳಿಯನ್ನು ಕೊಂಡು ಊರಾಗಿ ಕಟ್ಟಿದ, ಕೊನೆಗೆ ಹುಟ್ಟಿದ ನೆಲವನ್ನೇ ಬಿಟ್ಟು ಹೋಗಿ ಪರದೇಶದಲ್ಲಿ ಕಣ್ಣು ಮುಚ್ಚಿದ ಎಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ.

ಎಡ್ವರ್ಡ್ ಜೇಮ್ಸ್ ಕಾರ್ಬೆಟ್ ಹುಟ್ಟಿದ್ದು 1875ರ ಜುಲೈ 25ರಂದು, ಹಿಮಾಲಯದ ತಪ್ಪಲಿನ ನೈನಿತಾಲ್‌ನಲ್ಲಿ. ತಂದೆ ಅಲ್ಲಿನ ಪೋಸ್ಟ್‌ಮಾಸ್ಟರ್. ಮಗನಿಗೆ ಆರು ತುಂಬುವ ಮೊದಲೇ ತಂದೆ ತೀರಿಕೊಂಡರು. ಮನೆ ತುಂಬ ಮಕ್ಕಳು. ತಾಯಿ ಮೇರಿ ಜೇನ್ ಎದೆಗುಂದದೆ, ನೈನಿತಾಲ್‌ಗೆ ಬೇಸಿಗೆ ಕಳೆಯಲು ಬರುವವರಿಗೆ ಮನೆ ಗೊತ್ತು ಮಾಡಿಕೊಡುವ ವ್ಯವಹಾರ ನಡೆಸಿ ಸಂಸಾರ ತೂಗಿಸಿದರು. ಚಳಿಗಾಲ ಬಂತೆಂದರೆ ಇಡೀ ಕುಟುಂಬ ಬೆಟ್ಟ ಇಳಿದು ಕಾಲಾಢೂಂಗಿಯ ಮನೆಗೆ ಹೋಗುತ್ತಿತ್ತು. ಸುತ್ತಲೂ ಕಾಡು. ಯಾವ ಹಕ್ಕಿ ಯಾವಾಗ ಗಾಬರಿಯಿಂದ ಕೂಗುತ್ತದೆ, ಜಿಂಕೆಯ ಕೂಗಿಗೆ ಅರ್ಥವೇನು, ಹೆಜ್ಜೆ ಗುರುತು ಎಷ್ಟು ಹೊತ್ತಿನದು ಎಂಬುದನ್ನೆಲ್ಲ ಹುಡುಗ ಅಲ್ಲಿಯೇ ಕಲಿತ. ಹಳ್ಳಿಯವರ ಭಾಷೆಯೂ ಅವನಿಗೆ ಮನೆಮಾತಿನಷ್ಟೇ ಸಲೀಸಾಯಿತು.

ಅಂದಿನ ಬಿಳಿಯರಲ್ಲೂ ಮೇಲು ಕೀಳು ಇತ್ತು. ಇಂಗ್ಲೆಂಡಿನಿಂದ ಬಂದ ಅಧಿಕಾರಿಗಳ ಕಣ್ಣಿಗೆ ಇಲ್ಲೇ ಹುಟ್ಟಿ ಬೆಳೆದವರು ಒಂದು ಮೆಟ್ಟಿಲು ಕೆಳಗಿನವರು. ಹಳ್ಳಿಯವರಿಗೆ ಅವರು ಎಷ್ಟೇ ಹತ್ತಿರವಾದರೂ ಸಾಹೇಬರೇ. ಈ ನಡುವಿನ ಜಾಗದಲ್ಲೇ ಕಾರ್ಬೆಟ್ ಬದುಕು ಕಳೆದರು.

ಕಾಲೇಜು ಓದುವ ಅನುಕೂಲ ಇರಲಿಲ್ಲ. ಇಪ್ಪತ್ತು ತುಂಬುವ ಮೊದಲೇ ಬೆಂಗಾಲ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದರು. ಮೊದಲ ಕೆಲಸವೇ ಎಂಜಿನ್‌ಗಳಿಗೆ ಸೌದೆ ಒದಗಿಸಲು ಮರ ಕಡಿಸುವುದು! ಮುಂದೆ ಕಾಡು ಉಳಿಸಲು ಓಡಾಡಿದವರು ಅನ್ನ ಸಂಪಾದನೆ ಶುರು ಮಾಡಿದ್ದು ಕಾಡು ಕಡಿಸಿ.

ಆಮೇಲೆ ಬಿಹಾರದ ಗಂಗಾ ತೀರದ ಮೊಕಾಮೆ ಘಾಟ್‌ನಲ್ಲಿ ಸರಕು ಬದಲಾಯಿಸುವ ಗುತ್ತಿಗೆ ಸಿಕ್ಕಿತು. ಬ್ರಾಡ್ ಗೇಜ್ ವ್ಯಾಗನ್‌ನ ಮಾಲನ್ನು ಇಳಿಸಿ ಮೀಟರ್ ಗೇಜ್‌ಗೆ ತುಂಬಿಸಬೇಕು, ಎಲ್ಲವೂ ಹಮಾಲರ ತಲೆಯ ಮೇಲೆ. ಕಾರ್ಬೆಟ್ ಬಂದಾಗ ಷೆಡ್ಡುಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮಾಲು ಬಿದ್ದಿತ್ತು. ಹಗಲು ರಾತ್ರಿ ದುಡಿದು ಅದನ್ನು ತೆರವು ಮಾಡಿಸಿದರೂ ಮೊದಲ ಮೂರು ತಿಂಗಳು ರೈಲ್ವೆಯಿಂದ ಹಣ ಬರಲಿಲ್ಲ. ಕೈಯಲ್ಲಿದ್ದುದು ಕರಗಿತು. ಆಳುಗಳು ದಿನಕ್ಕೆ ಒಂದು ಹೊತ್ತು ಉಂಡು ಕೆಲಸ ಮಾಡಿದರು, ಗುತ್ತಿಗೆದಾರನೂ ಒಂದೇ ಹೊತ್ತು ಉಂಡ. ಹಣ ಬರುವತನಕ ಯಾರೂ ಬಿಟ್ಟುಹೋಗಲಿಲ್ಲ. ವ್ಯಾಪಾರ ಮಾಡಿದವರಿಗೆ ಇದರ ತೂಕ ಗೊತ್ತಾಗುತ್ತದೆ. ಬಟವಾಡೆ ಒಂದು ವಾರ ತಡವಾದರೆ ಏನಾಗುತ್ತದೆ ಎಂದು ಕಂಡವರೇ ಎಲ್ಲ. ಹುಲಿಯ ಎದುರು ನಿಂತ ಧೈರ್ಯಕ್ಕಿಂತ ಇದೇನೂ ಕಡಿಮೆಯದಲ್ಲ. ಸುಮಾರು ಇಪ್ಪತ್ತು ವರ್ಷ ಅವರು ಆ ಗುತ್ತಿಗೆ ನಡೆಸಿದರು.

ಅಲ್ಲಿಯೇ ಸ್ಟೇಷನ್ ಮಾಸ್ಟರ್ ರಾಮ್ ಸರಣ್ ಜೊತೆ ಸೇರಿ ಕೆಲಸಗಾರರ ಮಕ್ಕಳಿಗೆ ಒಂದು ಶಾಲೆ ತೆರೆದರು. ಇಪ್ಪತ್ತು ಮಕ್ಕಳು. ಕೂಡಲೇ ತಕರಾರು ಎದ್ದಿತು: ಮೇಲು ಜಾತಿಯ ಮಕ್ಕಳು ಕೆಳಜಾತಿಯ ಮಕ್ಕಳೊಡನೆ ಒಂದೇ ಗುಡಿಸಲಿನೊಳಗೆ ಕೂರುವಂತಿಲ್ಲ. ಯಾರೂ ಜಗಳವಾಡಲಿಲ್ಲ, ಗುಡಿಸಲಿನ ಗೋಡೆಗಳನ್ನೇ ತೆಗೆಸಿದರು. ಉಳಿದದ್ದು ಕಂಬ ಮತ್ತು ಸೂರು. ಗೋಡೆ ಇಲ್ಲದ ಚಪ್ಪರದ ಕೆಳಗೆ ಕೂತರೆ ಮೈಲಿಗೆಯಿಲ್ಲ ಎಂದು ಊರು ಒಪ್ಪಿಕೊಂಡಿತು. ಆ ಶಾಲೆ ಇನ್ನೂರು ಮಕ್ಕಳವರೆಗೆ ಬೆಳೆಯಿತು.

1907ರಲ್ಲಿ ಚಂಪಾವತ್‌ನ ಹೆಣ್ಣು ಹುಲಿಯ ಕರೆ ಬಂತು. ನೇಪಾಳದಲ್ಲಿ 200 ಜನರನ್ನು ಕೊಂದು, ಅಲ್ಲಿಂದ ಅಟ್ಟಿಸಿಕೊಂಡು ಕುಮಾವೂನಿಗೆ ಬಂದು, ಮತ್ತೆ 234 ಜನರನ್ನು ಕೊಂದಿದ್ದ ಹುಲಿ ಅದು. ಕಾರ್ಬೆಟ್ ಅಲ್ಲಿಗೆ ಹೋದ ಮೇಲೂ ಇಬ್ಬರು ಬಲಿಯಾಗಿ ಲೆಕ್ಕ 436ಕ್ಕೆ ಮುಟ್ಟಿತು. ಹೋಗುವ ಮೊದಲು ಅವರು ಎರಡು ಷರತ್ತು ಹಾಕಿದ್ದರು: ಸರ್ಕಾರ ಘೋಷಿಸಿದ ಬಹುಮಾನವನ್ನು ರದ್ದು ಮಾಡಬೇಕು, ಬೇರೆ ಬೇಟೆಗಾರರನ್ನು ವಾಪಸು ಕರೆಸಬೇಕು. ಬಹುಮಾನಕ್ಕಾಗಿ ಪ್ರಾಣಿ ಕೊಲ್ಲುವವನು ಎನಿಸಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಪಾಲಿ ಎಂಬ ಹಳ್ಳಿಗೆ ಹೋದಾಗ ಜನ ಐದು ದಿನದಿಂದ ಬಾಗಿಲು ತೆರೆದಿರಲಿಲ್ಲ. ಹೊಲದಲ್ಲಿ ಬೆಳೆ ನಿಂತಿದೆ, ಕೊಯ್ಯಲು ಹೋಗುವ ಧೈರ್ಯವಿಲ್ಲ.

ಹುಲಿ ಸತ್ತ ಮೇಲೆ ಅದರ ಬಾಯಿ ತೆರೆದು ನೋಡಿದರು. ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧ ಮುರಿದಿತ್ತು, ಕೆಳಗಿನದು ಬುಡದವರೆಗೆ ಹೋಗಿತ್ತು. ಎಂದೋ ಯಾರೋ ಹೊಡೆದ ಗುಂಡಿನ ಗಾಯ. ಕಾಡಿನ ಪ್ರಾಣಿಯನ್ನು ಹಿಡಿದು ತಿನ್ನಲಾರದೆ ಅದು ಮನುಷ್ಯನ ಮೇಲೆ ಬಿದ್ದಿತ್ತು. ಅಂದರೆ ನಾನೂರು ಮನೆಗಳ ಸೂತಕದ ಮೂಲ ಒಬ್ಬ ಬೇಟೆಗಾರನ ತಪ್ಪಿದ ಗುರಿ. ಅಲ್ಲಿಂದ ಮುಂದೆ ಸತ್ತ ಪ್ರತಿ ನರಭಕ್ಷಕದ ಮೈಯಲ್ಲೂ ಕಾರ್ಬೆಟ್ ಕಾರಣ ಹುಡುಕುತ್ತಿದ್ದರು. ಹಳೆಯ ಗುಂಡೇಟು, ಮೈಯಲ್ಲಿ ಮುರಿದು ಉಳಿದ ಮುಳ್ಳುಹಂದಿಯ ಮುಳ್ಳು, ಕೆಲವೊಮ್ಮೆ ಮುಪ್ಪು. ಹುಲಿ ಹುಟ್ಟಾ ಕ್ರೂರಿಯಲ್ಲ, ದಿಕ್ಕಿಲ್ಲದಾಗಲಷ್ಟೇ ಮನುಷ್ಯನ ಕಡೆ ತಿರುಗುತ್ತದೆ ಎಂದು ಅವರು ಕೊನೆಯವರೆಗೂ ವಾದಿಸಿದರು.

ಚಿರತೆಯ ವಿಷಯ ಬೇರೆ. ರುದ್ರಪ್ರಯಾಗದ ಚಿರತೆ ಕೇದಾರ ಬದರಿ ಯಾತ್ರೆಯ ದಾರಿಯಲ್ಲಿ 1918ರಿಂದ 1926ರವರೆಗೆ 125 ಜನರನ್ನು ಕೊಂದಿತು. ಕತ್ತಲಾದರೆ ಇಡೀ ಸೀಮೆ ಬಾಗಿಲು ಹಾಕಿಕೊಳ್ಳುತ್ತಿತ್ತು. 1918ರ ಇನ್‌ಫ್ಲುಯೆಂಜಾದಲ್ಲಿ ಸತ್ತವರನ್ನು ಸುಡಲು ಜನವಿಲ್ಲದೆ, ಬಾಯಿಗೆ ಒಂದು ಕೆಂಡವಿಟ್ಟು ಹೆಣವನ್ನು ಕಣಿವೆಗೆ ತಳ್ಳಿದ್ದರು. ಚಿರತೆಗೆ ಮನುಷ್ಯ ಮಾಂಸದ ರುಚಿ ಹತ್ತಿದ್ದು ಹಾಗೆ ಎಂಬುದು ಕಾರ್ಬೆಟ್ ಅವರ ಲೆಕ್ಕಾಚಾರ. ಹಲವು ವಾರ ಅಲೆದು, ರಾತ್ರಿಗಟ್ಟಲೆ ಒಂದು ಮಾವಿನ ಮರದ ಮೇಲೆ ಕೂತು, 1926ರ ಮೇ ಮೊದಲ ವಾರದಲ್ಲಿ ಅದನ್ನು ಮುಗಿಸಿದರು. ಸತ್ತು ಬಿದ್ದದ್ದು ದೆವ್ವವಲ್ಲ, ಬಾಯಲ್ಲಿ ಹಲ್ಲು ಸವೆದ ಒಂದು ಮುದಿ ಪ್ರಾಣಿ.

1930ರಲ್ಲಿ ಚೌಗಢದ ಹುಲಿಯನ್ನು ಹುಡುಕುತ್ತಿದ್ದಾಗ ನೆಲದ ಮೇಲೆ ಕಂಡ ಹಕ್ಕಿಯ ಎರಡು ಮೊಟ್ಟೆಗಳನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಬಂಡೆ ತಿರುಗಿದರೆ ಎಂಟು ಅಡಿ ದೂರದಲ್ಲಿ ಹುಲಿ. ಮೊಟ್ಟೆ ಬಿಡದೆ ಒಂದೇ ಕೈಯಿಂದ ನಿಧಾನವಾಗಿ ಕೋವಿ ತಿರುಗಿಸಿ ಗುಂಡು ಹಾರಿಸಿದರು. ಆಮೇಲೆ ಆ ಮೊಟ್ಟೆಗಳನ್ನು ಇದ್ದ ಜಾಗದಲ್ಲೇ ಇಟ್ಟು ಬಂದರು. ಅರ್ಧ ಗಂಟೆಯೊಳಗೆ ತಾಯಿ ಹಕ್ಕಿ ಬಂದು ಕಾವಿಗೆ ಕೂತಿತ್ತು.

ಹಾಗೆಂದು ಅವರನ್ನು ಅಹಿಂಸಾವ್ರತಿ ಮಾಡಿ ಕೂರಿಸುವುದು ಸತ್ಯಕ್ಕೆ ದೂರ. ಯಾರಿಗೂ ತೊಂದರೆ ಕೊಡದ ಪೊವಲ್‌ಗಢದ ಭಾರಿ ಗಂಡು ಹುಲಿಯನ್ನು ಬರೀ ಅದರ ಗಾತ್ರಕ್ಕಾಗಿ ಹೊಡೆದದ್ದೂ ಅದೇ 1930ರಲ್ಲಿ. ವೈಸ್‌ರಾಯ್ ಲಿನ್‌ಲಿತ್ಗೊ ಅವರ ಶಿಕಾರಿಗೆ ಏರ್ಪಾಡು ಮಾಡಿದವರೂ ಅವರೇ. ಒಂದೇ ದಿನದಲ್ಲಿ ಮನುಷ್ಯ ಬದಲಾಗುವುದಿಲ್ಲ. ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ ರಾತ್ರಿಯ ಕಾಡಿನಲ್ಲಿ ತೆಗೆದ ಹುಲಿಯ ಫೋಟೋಗಳು ಕಾರ್ಬೆಟ್ ಅವರನ್ನು ಕ್ಯಾಮೆರಾದ ಕಡೆ ಎಳೆದವು. ಸಿನಿಮಾ ಕ್ಯಾಮೆರಾದ ಸದ್ದಿಗೆ ಹುಲಿ ಬೆದರುತ್ತದೆಂದು, ಸಣ್ಣ ತೊರೆಯೊಂದನ್ನು ತಿರುಗಿಸಿ ನೀರಿನ ಸದ್ದು ಕ್ಯಾಮೆರಾದ ಸದ್ದನ್ನು ಮುಚ್ಚುವಂತೆ ಮಾಡಿದರು. ತಿಂಗಳುಗಟ್ಟಲೆ ಕಾದು ಏಳು ಹುಲಿಗಳನ್ನು ಒಂದೇ ಚಿತ್ರದಲ್ಲಿ ಹಿಡಿದರು. ಹೊಡೆಯುವುದಕ್ಕಿಂತ ಅದೇ ಕಷ್ಟದ ಕೆಲಸವೆಂದು ಅವರ ಅಭಿಪ್ರಾಯವಾಗಿತ್ತು. ಶಾಲೆಗಳಿಗೆ ಹೋಗಿ ಮಕ್ಕಳಿಗೆ ಪ್ರಾಣಿ ಪಕ್ಷಿಗಳ ಕೂಗು ಕೂಗಿ ತೋರಿಸುತ್ತಿದ್ದರು. 1936ರಲ್ಲಿ ಗವರ್ನರ್ ಮಾಲ್ಕಮ್ ಹೇಲಿ ಅವರ ಹೆಸರಿನಲ್ಲಿ ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಆದಾಗ ಅದರ ಗಡಿ ಗುರುತಿಸುವಲ್ಲಿ ಕಾರ್ಬೆಟ್ ನೆರವಾದರು. ಎರಡು ವರ್ಷದ ನಂತರ, 63ನೇ ವಯಸ್ಸಿನಲ್ಲಿ, ಥಾಕ್‌ನ ಹುಲಿ ಅವರ ಕೊನೆಯ ನರಭಕ್ಷಕವಾಯಿತು.

ಕಾಡಿನವರೂ ಊರಿನವರೂ ಅಕ್ಕಪಕ್ಕ ಬಾಳಬೇಕೆಂಬುದನ್ನು ಅವರು ತಮ್ಮ ಹಣ ಹಾಕಿ ಮಾಡಿ ತೋರಿಸಿದ್ದು ಕಾಲಾಢೂಂಗಿಯ ಛೋಟಿ ಹಲ್ದ್ವಾನಿಯಲ್ಲಿ. ಪಾಳು ಬಿದ್ದಿದ್ದ ಆ ಜಮೀನನ್ನು 1915ರಲ್ಲಿ ಕೊಂಡು, ಸುಮಾರು ನಲವತ್ತು ಕುಟುಂಬಗಳನ್ನು ನೆಲೆಗೊಳಿಸಿ, ನೀರಿನ ಕಾಲುವೆ ಮಾಡಿಸಿದರು. ಕಾಡುಹಂದಿ, ಜಿಂಕೆಗಳು ಬೆಳೆಗೆ ನುಗ್ಗುತ್ತಿದ್ದವು. ಮುಳ್ಳುಬೇಲಿ ನಿಲ್ಲಲಿಲ್ಲ. ಪ್ರಾಣಿಗಳನ್ನು ಹೊಡೆದು ಮುಗಿಸುವ ಬದಲು ಊರಿನ ಸುತ್ತ ಆಳೆತ್ತರದ ಕಲ್ಲಿನ ಗೋಡೆ ಕಟ್ಟಿಸಿದರು. ವರ್ಷಗಟ್ಟಲೆ ಹಿಡಿಯಿತು, ಖರ್ಚು ಅವರದೇ. ಇಂದು ಸೋಲಾರ್ ಬೇಲಿ, ಆನೆ ಕಂದಕ ಎಂದು ಮಲೆನಾಡಿನಲ್ಲೂ ಕೊಡಗಿನಲ್ಲೂ ನಡೆಯುತ್ತಿರುವ ಮಾತಿಗೆ ಇದು ನೂರು ವರ್ಷ ಹಿಂದಿನ ಉದಾಹರಣೆ.

1917ರಲ್ಲಿ ಐನೂರು ಕುಮಾವೂನಿಗಳನ್ನು ಫ್ರಾನ್ಸಿನ ಯುದ್ಧಭೂಮಿಗೆ ಕರೆದೊಯ್ದು ಒಬ್ಬರನ್ನು ಬಿಟ್ಟು ಎಲ್ಲರನ್ನೂ ಮನೆಗೆ ಮುಟ್ಟಿಸಿದರು. 1944ರಲ್ಲಿ ಅವರ ಮೊದಲ ಪ್ರಸಿದ್ಧ ಪುಸ್ತಕ ಬಂತು, ಅದರ ಮೊದಲ ಮುದ್ರಣದ ಗೌರವಧನ ಯುದ್ಧದಲ್ಲಿ ಕುರುಡಾದ ಸೈನಿಕರಿಗೆ ಹೋಯಿತು.

ಮದುವೆಯಾಗದೆ ಉಳಿದ ಕಾರ್ಬೆಟ್ ಮತ್ತು ಅಕ್ಕ ಮ್ಯಾಗಿ ಒಟ್ಟಿಗೇ ಇದ್ದರು. ಸ್ವಾತಂತ್ರ್ಯ ಬಂದಾಗ ಆ ಮನೆಯಲ್ಲಿ ಆತಂಕವೂ ಬಂತು. ಬ್ರಿಟಿಷರು ಹೋದ ಮೇಲೆ ತಾವು ಯಾರವರು? ಹಳ್ಳಿಯವರು ಅವರನ್ನು ಹೋಗೆಂದವರಲ್ಲ, ಆದರೂ ಎಪ್ಪತ್ತು ದಾಟಿದ ಇಬ್ಬರಿಗೆ ಅಂಜಿಕೆ ಬಿಡಲಿಲ್ಲ. ನೈನಿತಾಲ್‌ನ ಗರ್ನಿ ಹೌಸ್ ಮಾರಿದರು. 1947ರ ನವೆಂಬರಿನಲ್ಲಿ ಕೀನ್ಯಾಕ್ಕೆ ಹೊರಟು ನ್ಯೇರಿ ಎಂಬ ಊರಿನ ಪುಟ್ಟ ಮನೆಯಲ್ಲಿ ನೆಲೆಸಿದರು. ಭಾರತದ ಬಡವರಿಗೆ ಅರ್ಪಿಸಿದ ನನ್ನ ಭಾರತ ಎಂಬ ಪುಸ್ತಕ ಬಂದದ್ದು ಅಲ್ಲಿ, 1952ರಲ್ಲಿ. ಮೊಕಾಮೆಯ ಹಮಾಲರು, ಕಾಲಾಢೂಂಗಿಯ ರೈತರೆಲ್ಲ ಅದರೊಳಗಿದ್ದಾರೆ.

1955ರ ಏಪ್ರಿಲ್ 19ರಂದು ಹೃದಯಾಘಾತದಿಂದ ತೀರಿಕೊಂಡರು, ಸಮಾಧಿ ನ್ಯೇರಿಯಲ್ಲಿದೆ. ಭಾರತ ಸರ್ಕಾರ ಆ ಉದ್ಯಾನಕ್ಕೆ ಕಾರ್ಬೆಟ್ ಹೆಸರಿಟ್ಟಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದದ್ದೂ ಅಲ್ಲಿಂದಲೇ. ಛೋಟಿ ಹಲ್ದ್ವಾನಿಯ ಜಮೀನನ್ನು ಅವರು ಉಳುತ್ತಿದ್ದವರಿಗೇ ಬಿಟ್ಟುಕೊಟ್ಟಿದ್ದರು. ಆದರೆ ಅದರ ಕಂದಾಯವನ್ನು ತಾವು ಬದುಕಿರುವವರೆಗೂ ಪ್ರತಿ ವರ್ಷ ತಪ್ಪದೆ ಕೀನ್ಯಾದಿಂದ ಕಟ್ಟುತ್ತಿದ್ದರು.